ಆಫ್ರಿಕಾದ ಬಂಗಾರದ ಗಣಿ ಶೇರು ಅರ್ಧ ಬೆಲೆಗೆ ಸಿಗುತ್ತಿದೆ, ತಗೊಳ್ಳಬಹುದಾ? ಕಲಬುರಗಿಯಿಂದ ಒಂದು ಪ್ರಶ್ನೆ

ಗಂಜ್ ರಸ್ತೆ, ಕಲಬುರಗಿ

ಎಲ್ಲರಿಗೂ ಶರಣು. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯಲ್ಲಿ ಬಂಗಾರ ಅಂದರೆ ಸರಾಫ ಬಜಾರಕ್ಕೆ ಹೋಗಿ ತೊಲ ಲೆಕ್ಕದಲ್ಲಿ ತರುವುದು, ಅಷ್ಟೇ. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಒಂದು ಲಕ್ಷ ಮುಟ್ಟಿತು. ಆಮೇಲೆ ಅಮ್ಮ "ಸದ್ಯಕ್ಕೆ ಸಾಕು" ಎಂದು ನಿಲ್ಲಿಸಿದರು. ಅಕ್ಟೋಬರ್ ಹೊತ್ತಿಗೆ ಅಂತಾರಾಷ್ಟ್ರೀಯ ಬೆಲೆ ಔನ್ಸಿಗೆ 4000 ಡಾಲರ್ ದಾಟಿತು. ಬಂಗಾರ ತಗೊಳ್ಳುವ ಬದಲು ಬಂಗಾರ ತೆಗೆಯುವ ಕಂಪನಿಯ ಶೇರು ಯಾಕೆ ತಗೊಳ್ಳಬಾರದು ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಆ್ಯಪ್ ಮೂಲಕ ಅಮೆರಿಕದ ಶೇರು ತಗೊಂಡು ಅಭ್ಯಾಸ ಇದೆ.

ಕಣ್ಣು ಬಿದ್ದಿರುವುದು ಒಂದು ಸಣ್ಣ ಕಂಪನಿಯ ಮೇಲೆ. ಶೇರಿನ ಪ್ರಚಾರ ಮಾಡಬಾರದು ಎಂಬ ನಿಯಮ ಇಲ್ಲಿರುವುದರಿಂದ ಹೆಸರು ಹೇಳುವುದಿಲ್ಲ. ನೋಂದಣಿ ಕೆನಡಾದಲ್ಲಿ. ಗಣಿ ಪಶ್ಚಿಮ ಆಫ್ರಿಕಾದಲ್ಲಿ, ಅದೂ ಒಂದೇ ಒಂದು. ಆ ದೇಶದಲ್ಲಿ ಸೇನೆಯ ಆಡಳಿತ ಇದೆ. ಗಣಿಯಲ್ಲಿ ತನ್ನ ಪಾಲು ಹೆಚ್ಚಿಸಬೇಕು ಎಂದು ಸರ್ಕಾರ ಕೂತಿದೆ. ಶೇರು ಅರ್ಧಕ್ಕೆ ಇಳಿದಿದೆ.

ನನ್ನ ತರ್ಕ ಇಷ್ಟು. ನೆಲದೊಳಗಿನ ಬಂಗಾರ ಎಲ್ಲೂ ಹೋಗಿಲ್ಲ. ಬಂಗಾರದ ಬೆಲೆ ಏರಿದೆ. ಶೇರು ಮಾತ್ರ ಇಳಿದಿದೆ. ಇವತ್ತಲ್ಲ ನಾಳೆ ಸರ್ಕಾರ ಮತ್ತು ಕಂಪನಿ ರಾಜಿ ಆಗುತ್ತವೆ. ಆಗ ಶೇರು ಒಮ್ಮೆಲೆ ಎದ್ದು ನಿಲ್ಲುತ್ತದೆ. ಎರಡು ಲಕ್ಷ ರೂಪಾಯಿ ಹಾಕುವ ಮನಸ್ಸಿದೆ. ಇದರಲ್ಲಿ ತಪ್ಪೆಲ್ಲಿದೆ, ಬಲ್ಲವರು ಹೇಳಿ.

ಹುಮನಾಬಾದ್ ಟ್ರೇಡರ್

ಅಣ್ಣಾ, ನಿಮ್ಮ ತರ್ಕ ಸರಿ ಇದೆ. ಉದಾಹರಣೆ ಕಣ್ಣ ಮುಂದೆಯೇ ಇದೆ. ಮಾಲಿ ದೇಶದಲ್ಲಿ ಬ್ಯಾರಿಕ್ ಕಂಪನಿಯ ಲೂಲೊ-ಗೌಂಕೊಟೊ ಗಣಿ. ಶೇ 80 ಪಾಲು ಕಂಪನಿಯದ್ದು, ಶೇ 20 ಸರ್ಕಾರದ್ದು. 2024ರ ನವೆಂಬರ್‌ನಲ್ಲಿ ಕಂಪನಿಯ ನಾಲ್ವರು ನೌಕರರನ್ನು ಜೈಲಿಗೆ ಹಾಕಿದರು. 2025ರ ಜನವರಿಯಲ್ಲಿ ಗಣಿಯಲ್ಲಿದ್ದ ಸುಮಾರು 3 ಟನ್ ಬಂಗಾರವನ್ನು ಸರ್ಕಾರ ಹೆಲಿಕಾಪ್ಟರಿನಲ್ಲಿ ಹೊತ್ತೊಯ್ಯಿತು. ಗಣಿ ನಿಂತಿತು. ಜೂನ್‌ನಲ್ಲಿ ರಾಜಧಾನಿ ಬಮಾಕೊದ ಕೋರ್ಟು ಗಣಿಗೆ ಬೇರೆ ಆಡಳಿತಾಧಿಕಾರಿಯನ್ನು ನೇಮಿಸಿತು. ಎಲ್ಲರೂ ಕಥೆ ಮುಗಿಯಿತು ಅಂದರು. ನವೆಂಬರ್ 24ಕ್ಕೆ ರಾಜಿ ಪ್ರಕಟವಾಯಿತು. ಗಣಿ ವಾಪಸ್, ನೌಕರರ ಬಿಡುಗಡೆ, ಕೇಸು ಹಿಂದಕ್ಕೆ. ಹೆದರಿ ಮಾರಿದವರು ಕಳೆದುಕೊಂಡರು, ಹಿಡಿದುಕೊಂಡವರು ಗೆದ್ದರು.

ರಾಜಿ ಆದ ಮೇಲೆ ತಗೊಂಡರೆ ಏನು ಸಿಗುತ್ತದೆ? ಗಲಾಟೆ ಇರುವಾಗಲೇ ತಗೊಳ್ಳಬೇಕು.

ಸರಾಫ ಗಲ್ಲಿ

ಗಣಿ ಶೇರಿನ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ನನ್ನ ಅಂಗಡಿಯಿಂದ ತಗೊಂಡ ಬಿಸ್ಕತ್ತು ನಿಮ್ಮ ತಿಜೋರಿಯಲ್ಲಿ ಇರುತ್ತದೆ. ಯಾವ ದೇಶದ ಮಂತ್ರಿ ಬದಲಾದರೂ ಅದರ ತೂಕ ಅಷ್ಟೇ. ಬಂಗಾರ ಬೇಕಾದರೆ ಬಂಗಾರ ತಗೊಳ್ಳಿ.

ಬೀದರ್ ಲೆಕ್ಕ

ಹುಮನಾಬಾದ್ ತಮ್ಮನವರು ಹೇಳಿದ ಘಟನೆಗಳೆಲ್ಲ ನಿಜ. ಆದರೆ ಅದರಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ಬ್ಯಾರಿಕ್‌ಗೆ ಮಾಲಿ ಒಂದೇ ದೇಶವಲ್ಲ. ಅಮೆರಿಕದ ನೆವಾಡಾದಲ್ಲಿ ದೊಡ್ಡ ಗಣಿಗಳಿವೆ. ಡೊಮಿನಿಕನ್ ರಿಪಬ್ಲಿಕ್, ಟಾಂಜಾನಿಯಾ, ಕಾಂಗೊದಲ್ಲೂ ಇವೆ. ಮಾಲಿಯಲ್ಲಿ ತಿಂಗಳುಗಟ್ಟಲೆ ಒಂದು ಔನ್ಸೂ ಬರದಿದ್ದರೂ ಉಳಿದ ಗಣಿಗಳು ಮನೆ ನಡೆಸಿದವು. ಬಂಗಾರದ ಬೆಲೆ ಏರಿದ್ದೂ ಕೈ ಹಿಡಿಯಿತು. ಕಾಯುವ ಶಕ್ತಿ ಇದ್ದದ್ದರಿಂದ ಕಂಪನಿ ಮಾತುಕತೆಗೆ ಕೂತಿತು. ಇವರು ಕೇಳುತ್ತಿರುವ ಕಂಪನಿಗೆ ಇರುವುದು ಒಂದೇ ಗಣಿ. ಆ ಗಣಿ ಒಂದು ವರ್ಷ ನಿಂತರೆ ಸಂಬಳ, ಸಾಲದ ಕಂತು, ವಕೀಲರ ಫೀಸು ಎಲ್ಲಿಂದ ಬರಬೇಕು? ಹೊಸ ಶೇರು ಹೊರಡಿಸಿ ದುಡ್ಡು ಎತ್ತುತ್ತಾರೆ. ಅಂದರೆ ನಿಮ್ಮ ಪಾಲು ತೆಳುವಾಗುತ್ತದೆ. ರಾಜಿ ಆಗುವ ಹೊತ್ತಿಗೆ ಗಣಿ ಅದೇ ಇರುತ್ತದೆ, ನಿಮ್ಮ ಪಾಲು ಅದೇ ಇರುವುದಿಲ್ಲ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ, ತೆರಿಗೆ ಮತ್ತು ರಾಯಲ್ಟಿ (ತೆಗೆದ ಬಂಗಾರದ ಮೇಲೆ ಸರ್ಕಾರಕ್ಕೆ ಕೊಡುವ ಹಣ) ಸೇರಿಸಿಲ್ಲ. ಒಂದು ಔನ್ಸ್ ಅಂದರೆ 31.1 ಗ್ರಾಂ. ಅಷ್ಟು ಬಂಗಾರ ತೆಗೆಯಲು 1500 ಡಾಲರ್ ಖರ್ಚು ಅಂದುಕೊಳ್ಳಿ. ಬೆಲೆ 3000. ಉಳಿಯುವುದು 1500. ಕಂಪನಿಯ ಪಾಲು ಶೇ 80 ಇದ್ದರೆ ಅದಕ್ಕೆ 1200 ಡಾಲರ್.

ಬೆಲೆ ಶೇ 20 ಏರಿ 3600 ಆಯಿತು. ಉಳಿಯುವುದು 2100. ಇಲ್ಲಿಗೆ ಲಾಭ ಶೇ 40 ಹೆಚ್ಚು. ಗಣಿ ಶೇರಿನ ಆಕರ್ಷಣೆ ಇರುವುದೇ ಇದರಲ್ಲಿ. ಬಂಗಾರ ಒಂದು ಪಾಲು ಏರಿದರೆ ಲಾಭ ಎರಡು ಪಾಲು ಏರುತ್ತದೆ.

ಈಗ ಸರ್ಕಾರ ಬಂದು "ನನ್ನ ಪಾಲು ಶೇ 20 ಅಲ್ಲ, 35" ಅನ್ನುತ್ತದೆ. ಇದು ನಾನು ಕಟ್ಟಿದ ಅಂಕಿಯಲ್ಲ. ಮಾಲಿಯ 2023ರ ಗಣಿ ಕಾಯ್ದೆಯಲ್ಲಿ ಸರ್ಕಾರ ಮತ್ತು ಸ್ಥಳೀಯರ ಪಾಲು ಸೇರಿ ಶೇ 35ರವರೆಗೆ ಹೋಗಬಹುದು. ಕಂಪನಿಗೆ ಉಳಿಯುವುದು 2100ರಲ್ಲಿ ಶೇ 65, ಅಂದರೆ 1365. ಮೊದಲು 1200 ಇತ್ತು. ಏರಿಕೆ ಶೇ 14 ಕೂಡ ಪೂರ್ತಿ ಇಲ್ಲ. ಸರಾಫ ಗಲ್ಲಿಯವರ ಬಿಸ್ಕತ್ತು ಇಟ್ಟುಕೊಂಡವರಿಗೆ ಶೇ 20 ಬಂತು. ಶೇರು ಇಟ್ಟುಕೊಂಡವರು ಜೈಲು, ಕೋರ್ಟು ಎಲ್ಲ ಅನುಭವಿಸಿ ಶೇ 14 ನೋಡಿದರು. ಅದೂ ಗಣಿ ಒಂದು ದಿನವೂ ನಿಲ್ಲದೆ ನಡೆದಿದ್ದರೆ.

ಹುಮನಾಬಾದ್ ಟ್ರೇಡರ್

ಮೇಡಂ, ಲೆಕ್ಕ ಒಪ್ಪುತ್ತೇನೆ. ಆದರೆ ಶೇರು ಈಗಾಗಲೇ ಅರ್ಧಕ್ಕೆ ಬಂದಿದೆಯಲ್ಲ? ಶೇ 35 ಕೊಟ್ಟರೂ ಕಂಪನಿಯ ಲಾಭ ಮೊದಲಿಗಿಂತ ಜಾಸ್ತಿ ಎಂದು ನಿಮ್ಮ ಲೆಕ್ಕವೇ ಹೇಳುತ್ತಿದೆ. ಲಾಭ ಜಾಸ್ತಿ ಆಗಿ ಶೇರು ಅರ್ಧ ಇದ್ದರೆ ಅದು ಅಗ್ಗವೇ ಅಲ್ವಾ?

ಬೀದರ್ ಲೆಕ್ಕ

ಒಳ್ಳೆಯ ಪ್ರಶ್ನೆ. ರಾಜಿ ಖಂಡಿತ ಅನ್ನುವುದಾದರೆ ಅಗ್ಗ. ಖಂಡಿತ ಅಲ್ಲದ್ದಕ್ಕೇ ಅರ್ಧ ಬೆಲೆ. ಮಾರುಕಟ್ಟೆ ಎರಡು ಕಥೆಗಳನ್ನು ಒಟ್ಟಿಗೆ ಇಟ್ಟು ಬೆಲೆ ಕಟ್ಟಿದೆ. ಒಂದರಲ್ಲಿ ರಾಜಿ, ಇನ್ನೊಂದರಲ್ಲಿ ಸೊನ್ನೆ. ನೀವು ರಾಜಿಯ ಕಥೆ ಮಾತ್ರ ಓದುತ್ತಿದ್ದೀರಿ.

ಹಳೇ ಗಣಿ, ಶಹಾಪುರ

ನಾನು ಬಂಗಾರದ ಗಣಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತಿ ಆದವನು. "ನೆಲದೊಳಗಿನ ಬಂಗಾರ ಎಲ್ಲೂ ಹೋಗಿಲ್ಲ" ಎಂಬ ಮಾತು ಓದಿ ಬರೆಯಲೇಬೇಕು ಅನ್ನಿಸಿತು.

ನೆಲದೊಳಗೆ ಇರುವುದು ಬಂಗಾರವಲ್ಲ, ಕಲ್ಲು. ಒಂದು ಟನ್ ಕಲ್ಲಿನಲ್ಲಿ ಕೆಲವೇ ಗ್ರಾಂ. ಅದು ಎಷ್ಟು ಗ್ರಾಂ ಎಂದು ಹೇಳುವುದು ಮಾದರಿ ಪರೀಕ್ಷೆ. ನಾವು ಮಾಡುತ್ತಿದ್ದದ್ದು ಹೀಗೆ. ಕೊರೆದು ತೆಗೆದ ಕಲ್ಲಿನ ಕೋಲನ್ನು ಉದ್ದಕ್ಕೆ ಎರಡು ಸೀಳು ಮಾಡುವುದು. ಒಂದು ಸೀಳು ಪೆಟ್ಟಿಗೆಯಲ್ಲಿ ಜೋಪಾನ. ಇನ್ನೊಂದನ್ನು ಪುಡಿ ಮಾಡಿ, ಸೀಸದ ಸಂಯುಕ್ತ ಬೆರೆಸಿ ಕುಲುಮೆಗೆ ಇಡುವುದು. ಕರಗಿದ ಸೀಸ ಬಂಗಾರವನ್ನು ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಆ ಸೀಸದ ಗುಂಡನ್ನು ಮೂಳೆ ಬೂದಿಯ ಬಟ್ಟಲಲ್ಲಿ ಮತ್ತೆ ಕಾಯಿಸಿದರೆ ಸೀಸವನ್ನು ಬಟ್ಟಲು ಹೀರಿಕೊಂಡು ಸಣ್ಣ ಮಣಿ ಉಳಿಯುತ್ತದೆ. ಕೆಲವೊಮ್ಮೆ ಸಾಸಿವೆಗಿಂತ ಚಿಕ್ಕದು. ಅದರಿಂದ ಬೆಳ್ಳಿಯನ್ನು ಆಮ್ಲದಲ್ಲಿ ಬೇರೆ ಮಾಡಿ, ಉಳಿದ ಬಂಗಾರವನ್ನು ತೂಗಿ ಅಂಕಿ ಬರೆಯುತ್ತಿದ್ದೆವು. ಆ ಅಂಕಿಯ ಮೇಲೆ ಕಂಪನಿಯ ಇಡೀ ಬೆಲೆ ನಿಂತಿರುತ್ತದೆ.

ಬ್ರೆ-ಎಕ್ಸ್ ಎಂಬ ಕೆನಡಾ ಕಂಪನಿಯ ಹೆಸರು ಕೇಳಿರಬಹುದು. ಇಂಡೊನೇಷ್ಯಾದ ಬುಸಾಂಗ್ ಎಂಬಲ್ಲಿ ಅಪಾರ ಬಂಗಾರ ಇದೆ ಎಂದು ಹೇಳಿತು. ಆಗ ಅಲ್ಲಿ ಅಧ್ಯಕ್ಷ ಸುಹಾರ್ತೊ ಆಡಳಿತ. ಗಣಿಯಲ್ಲಿ ಯಾರಿಗೆ ಎಷ್ಟು ಪಾಲು ಎಂದು ಅಧ್ಯಕ್ಷರ ಮಕ್ಕಳವರೆಗೆ ಜಗ್ಗಾಟ ನಡೆಯಿತು. ಎಲ್ಲರ ಗಮನ ಆ ರಾಜಕೀಯದ ಮೇಲೆಯೇ ಇತ್ತು. ಈ ಪಾಲಿನ ಜಗಳ ಮುಗಿದರೆ ಶೇರು ಇನ್ನೂ ಏರುತ್ತದೆ ಎಂದು ಜನ ನಂಬಿದ್ದರು. ಬಂಗಾರ ಇದೆಯೋ ಇಲ್ಲವೋ ಎಂದು ಕೇಳಿದವರು ಕಡಿಮೆ. ಅವರು ಕೊರೆದ ಕೋಲನ್ನು ಸೀಳದೆ ಬಹುಪಾಲು ಪೂರ್ತಿ ಪುಡಿ ಮಾಡಿಬಿಡುತ್ತಿದ್ದರು. ಮತ್ತೆ ಪರೀಕ್ಷಿಸಲು ಅರ್ಧ ಉಳಿಯುತ್ತಲೇ ಇರಲಿಲ್ಲ. 1997ರಲ್ಲಿ ಫ್ರೀಪೋರ್ಟ್ ಕಂಪನಿ ಅದೇ ಜಾಗದ ಪಕ್ಕದಲ್ಲೇ ಕೊರೆದು ನೋಡಿತು, ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. ಹೊರಗಿನ ಬಂಗಾರದ ಪುಡಿಯನ್ನು ಮಾದರಿಗೆ ಬೆರೆಸಿದ್ದರು. ಒಂದು ಹಂತದಲ್ಲಿ ಕೆಲವು ನೂರು ಕೋಟಿ ಡಾಲರ್ ಬೆಲೆ ಬಾಳುತ್ತಿದ್ದ ಕಂಪನಿ ಸೊನ್ನೆ ಆಯಿತು.

ಎಲ್ಲ ಕಂಪನಿಗಳೂ ಹಾಗೆ ಎಂದು ನಾನು ಹೇಳುತ್ತಿಲ್ಲ. ಆಮೇಲೆ ಕೆನಡಾದಲ್ಲಿ ನಿಯಮ ಬಿಗಿ ಆಗಿದೆ. ನಿಕ್ಷೇಪದ ವರದಿಗೆ ಅರ್ಹ ತಜ್ಞರು ಸಹಿ ಹಾಕಬೇಕು. ತಮ್ಮಾ, ಆ ತಾಂತ್ರಿಕ ವರದಿ ಓದಿದ್ದೀಯಾ? ಅದರಲ್ಲಿ ಒಂದು ಔನ್ಸ್ ತೆಗೆಯಲು ಒಟ್ಟು ಖರ್ಚು ಎಷ್ಟು, ಗಣಿಯ ಆಯುಸ್ಸು ಎಷ್ಟು ವರ್ಷ ಎಂದು ಇರುತ್ತದೆ. ಸರ್ಕಾರದ ಜಗಳ ಅದಾದ ಮೇಲಿನ ಮಾತು.

ಗಂಜ್ ರಸ್ತೆ, ಕಲಬುರಗಿ

ಕಾಕಾ, ವರದಿಯ ಸಾರಾಂಶ ಓದಿದ್ದೇನೆ, ಪೂರ್ತಿ ಇಲ್ಲ. ಈ ವಾರ ಕೂತು ಓದುತ್ತೇನೆ. ಆಯುಸ್ಸು ಇನ್ನು 6 ವರ್ಷ ಎಂದಿದೆ.

ಹಳೇ ಗಣಿ, ಶಹಾಪುರ

ಆರು ವರ್ಷದ ಗಣಿಯಲ್ಲಿ ಎರಡು ವರ್ಷ ಜಗಳಕ್ಕೆ ಹೋದರೆ ಉಳಿಯುವುದೇನು ಎಂದು ಯೋಚಿಸು. ನಿಂತ ಗಣಿಯನ್ನು ಮತ್ತೆ ಶುರು ಮಾಡುವುದೂ ಸಲೀಸಲ್ಲ. ನೀರು ತುಂಬುತ್ತದೆ. ಪಂಪು ನಡೆಸದಿದ್ದರೆ ಕೆಳಗಿನ ಮಟ್ಟಗಳು ಮುಳುಗುತ್ತವೆ. ಯಂತ್ರಕ್ಕೆ ತುಕ್ಕು ಹಿಡಿಯುತ್ತದೆ. ಕೆಲಸ ಬಲ್ಲವರು ಬೇರೆ ಕಡೆ ಹೋಗಿರುತ್ತಾರೆ.

ಸೇಡಂ ಮೇಷ್ಟ್ರು

ನಾನು ಇತಿಹಾಸ ಪಾಠ ಮಾಡುವವನು. ಶೇರು ಪೇಟೆಯ ಒಳಗುಟ್ಟು ಗೊತ್ತಿಲ್ಲ. ಆದರೆ ವಿದೇಶಿ ಗಣಿ ಶೇರು ಮತ್ತು ರಾಜಕೀಯ ಎಂದ ಕೂಡಲೇ ನಮ್ಮ ಭಾಗದ ಕಥೆಯೇ ನೆನಪಾಗುತ್ತದೆ. ಒಂದು ವ್ಯತ್ಯಾಸ ಇದೆ. ಆಗ ಗಣಿ ನಮ್ಮದು, ಶೇರು ತಗೊಂಡವರು ಹೊರಗಿನವರು.

ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು ಎಲ್ಲ ನಿಜಾಮರ ಸಂಸ್ಥಾನದಲ್ಲಿದ್ದ ಕಾಲ. 1886ರಲ್ಲಿ ಸಂಸ್ಥಾನದ ಗಣಿಗಾರಿಕೆ ಹಕ್ಕನ್ನು ಲಂಡನ್ನಿನಲ್ಲಿ ಹುಟ್ಟಿದ ಹೈದರಾಬಾದ್ ಡೆಕ್ಕನ್ ಕಂಪನಿಗೆ ಕೊಟ್ಟರು. ಸಿಂಗರೇಣಿ ಕಲ್ಲಿದ್ದಲು ಆ ಹಕ್ಕಿನಲ್ಲೇ ಬಂತು. ರಾಯಚೂರು ಕಡೆಯ ಬಂಗಾರದ ಹುಡುಕಾಟವೂ ಹಾಗೆಯೇ. ನಮ್ಮ ಸುರಪುರ ತಾಲೂಕಿನ ಮಂಗಳೂರು ಎಂಬ ಹಳ್ಳಿಯ ಸುತ್ತ ಹಳೇ ಬಂಗಾರದ ಗುಂಡಿಗಳಿವೆ, ಈ ಭಾಗದ ಹಲವರಿಗೇ ಅದು ಗೊತ್ತಿಲ್ಲ. ಆ ಕಂಪನಿಯ ಶೇರುಗಳ ವ್ಯವಹಾರದಲ್ಲಿ ದೊಡ್ಡ ಹಗರಣ ಆಯಿತು. ನಿಜಾಮ ಸರ್ಕಾರದ ದೊಡ್ಡ ಅಧಿಕಾರಿ ಅಬ್ದುಲ್ ಹಕ್ ಅವರ ಹೆಸರು ಅದರಲ್ಲಿ ಬಂದು, ಅವರನ್ನು ಹುದ್ದೆಯಿಂದ ಇಳಿಸಿದರು. 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೇ ವಿಚಾರಣೆ ಮಾಡಿತು. ಹಕ್ಕು ಕೊಡುವ ಕುರ್ಚಿಯಲ್ಲಿ ಕೂತವರಿಗೂ ಶೇರಿನ ಬೆಲೆಗೂ ನಂಟು ಬೆಳೆದಾಗ ದೂರದಲ್ಲಿ ಕೂತ ಸಣ್ಣ ಶೇರುದಾರನಿಗೆ ಸತ್ಯ ಕಟ್ಟಕಡೆಗೆ ತಲುಪುತ್ತದೆ. ಲಂಡನ್ನಿನವನಿಗೆ ಹೈದರಾಬಾದ್ ಎಷ್ಟು ದೂರ ಇತ್ತೋ ಕಲಬುರಗಿಯವನಿಗೆ ಬಮಾಕೊ ಇವತ್ತಿಗೂ ಅಷ್ಟೇ ದೂರ.

ಕೋಲಾರವನ್ನೂ ನೋಡಿ. 1880ರಿಂದ ಜಾನ್ ಟೇಲರ್ ಕಂಪನಿಯವರ ಕೈಯಲ್ಲಿ ಗಣಿ, ಲಂಡನ್ನಿನಲ್ಲಿ ಶೇರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ತನ್ನ ವಶಕ್ಕೆ ತಗೊಂಡಿತು. ನಾವು ಅದನ್ನು ದರೋಡೆ ಅನ್ನುವುದಿಲ್ಲ. ನಮ್ಮ ನೆಲದ ಬಂಗಾರ ನಮಗೆ ಬಂತು ಅನ್ನುತ್ತೇವೆ. ಹಟ್ಟಿ ಗಣಿ ಇವತ್ತಿಗೂ ರಾಜ್ಯ ಸರ್ಕಾರದ್ದು, ಅದರ ಶೇರು ಪೇಟೆಯಲ್ಲಿ ಇಲ್ಲವೇ ಇಲ್ಲ. ಹಾಗಿರುವಾಗ ಮಾಲಿಯ ಹಳ್ಳಿಯವನು ತನ್ನ ನೆಲದ ಬಂಗಾರದಲ್ಲಿ ಹೆಚ್ಚು ಪಾಲು ಕೇಳಿದರೆ ಅದನ್ನು ಬರೀ ಅಪಾಯ ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಬಂಗಾರದ ಬೆಲೆ ಕಡಿಮೆ ಇದ್ದಾಗ ಮಾಡಿಕೊಂಡ ಒಪ್ಪಂದಗಳು ಅವು. ಬೆಲೆ 4000ಕ್ಕೆ ಹೋದ ಮೇಲೂ ಹಳೇ ಪಾಲೇ ಸಾಕು ಎಂದು ಯಾವ ದೇಶ ಸುಮ್ನೆ ಕೂರುತ್ತದೆ?

ಸುರಪುರದ ಮಗಳು

ಮೇಷ್ಟ್ರೆ, ನಿಮ್ಮ ಕೊನೆಯ ಮಾತಿನಲ್ಲೇ ಇವರ ಪ್ರಶ್ನೆಗೆ ಉತ್ತರ ಇದೆ ಅನ್ನಿಸುತ್ತಿದೆ. ಬಂಗಾರದ ಬೆಲೆ ಏರಿದೆ, ಆದ್ದರಿಂದ ಶೇರು ಅಗ್ಗ ಎಂದು ಇವರು ಹೇಳುತ್ತಿದ್ದಾರೆ. ಆದರೆ ಬೆಲೆ ಏರಿದ್ದೇ ಜಗಳಕ್ಕೆ ಕಾರಣ. ಎರಡೂ ಒಂದೇ ಹಗ್ಗದಲ್ಲಿ ಕಟ್ಟಿಕೊಂಡಿವೆ. ಬೆಲೆ ಇನ್ನೂ ಏರಿದರೆ ಸರ್ಕಾರ ಇನ್ನೂ ಕೇಳುತ್ತದೆ. ಮಾಲಿಯ ಪಕ್ಕದ ಬುರ್ಕಿನಾ ಫಾಸೊ ದೇಶದಲ್ಲಿ ಬೆಲೆ ಏರಿದಂತೆ ರಾಯಲ್ಟಿ ದರವೂ ಏರುವ ಪದ್ಧತಿ ಇದೆ.

ಇನ್ನೊಂದು ವಿಷಯ. ಗಣಿ ಅಗೆಯುವ ಮೊದಲು ಸರ್ಕಾರಕ್ಕೆ ಕಂಪನಿ ಬೇಕು. ಆಗ ಕಂಪನಿ ಹೇಳಿದ ಷರತ್ತು ನಡೆಯುತ್ತದೆ. ಕೋಟಿಗಟ್ಟಲೆ ಡಾಲರ್ ನೆಲಕ್ಕೆ ಹಾಕಿ ಶಾಫ್ಟು, ಗಿರಣಿ, ರಸ್ತೆ ಕಟ್ಟಿದ ಮೇಲೆ ಕಂಪನಿ ಅವನ್ನು ಕಿತ್ತುಕೊಂಡು ಹೋಗಲು ಆಗುವುದಿಲ್ಲ. ಆಮೇಲೆ ಸರ್ಕಾರ ಹೇಳಿದ್ದು ನಡೆಯುತ್ತದೆ.

ಗಂಜ್ ರಸ್ತೆ, ಕಲಬುರಗಿ

ಇದು ನನಗೆ ಈಗ ಚೆನ್ನಾಗಿ ಅರ್ಥ ಆಗುತ್ತಿದೆ. ನಮ್ಮದು ನೆಹರು ಗಂಜ್‌ನಲ್ಲಿ ಅಡತ್ ಅಂಗಡಿ. ಅಪ್ಪ ತೊಗರಿಯಲ್ಲಿ ಇಡೀ ಜೀವನ ಕಳೆದವರು. ತೊಗರಿ ಬೆಲೆ ಕೆಳಗಿದ್ದಾಗ ದೆಹಲಿಯಿಂದ ಯಾರೂ ವಿಚಾರಿಸುವುದಿಲ್ಲ. ಬೆಲೆ ಏರಿತು ಅಂದರೆ ಆದೇಶ ಬಂತು ಅಂತಲೇ ಅರ್ಥ. 2021ರ ಮೇ ತಿಂಗಳಲ್ಲಿ ಆಮದು ಮುಕ್ತ ಮಾಡಿದರು. 2023ರ ಜೂನ್ 2ಕ್ಕೆ ದಾಸ್ತಾನು ಮಿತಿ ಹಾಕಿದರು, ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆಗೆ 5 ಟನ್. ಗೋದಾಮಿನಲ್ಲಿ ಮಾಲು ಅದೇ, ತೂಕ ಅದೇ, ಕಾಳಿನ ಗುಣ ಅದೇ. ಒಂದು ಹಾಳೆಯ ಆದೇಶಕ್ಕೆ ಲೆಕ್ಕ ಬದಲಾಯಿತು. ಮ್ಯಾನ್ಮಾರ್, ಮೊಜಾಂಬಿಕ್‌ನಿಂದ ಹಡಗು ಎಷ್ಟು ಬರುತ್ತಿವೆ ಎಂದು ಅಪ್ಪ ದಿನಾ ಫೋನು ಮಾಡಿ ಕೇಳುತ್ತಾರೆ. ಟೆಂಡರ್ ಕೂಗುವ ಮೊದಲೇ ಅವರಿಗೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಗೊತ್ತಿರುತ್ತದೆ. ತೊಗರಿಯಲ್ಲಿ ಫೋನು ಮಾಡಲು ನಮಗೆ ಜನ ಇದ್ದಾರೆ. ಆಫ್ರಿಕಾದ ಆ ದೇಶದಲ್ಲಿ ನನಗೆ ಯಾರಿದ್ದಾರೆ?

ಹುಮನಾಬಾದ್ ಟ್ರೇಡರ್

ಅಣ್ಣಾ, ಹೆದರಿಸಿದರೆ ಹೆದರಿಬಿಟ್ಟಿರಿ ನೀವು. ನಿಮ್ಮ ಅಪ್ಪ ಆದೇಶಕ್ಕೆ ಹೆದರಿ ತೊಗರಿ ವ್ಯಾಪಾರ ಬಿಟ್ಟರಾ? ಇಲ್ಲವಲ್ಲ. ಅಪಾಯ ತಿಳಿದು ವ್ಯಾಪಾರ ಮಾಡುತ್ತಾರೆ. ನಾನು ಹೇಳುವುದೂ ಅದೇ.

ಸರ್ಕಾರ ಗಣಿ ಕಸಿದುಕೊಂಡ ಮೇಲೂ ಉಳಿದ ಕಂಪನಿ ಇದೆ. ಸೆಂಟೆರಾ. ಕಿರ್ಗಿಸ್ತಾನದ ಕುಮ್ತೋರ್ ಗಣಿ, ತಿಯೆನ್ ಶಾನ್ ಬೆಟ್ಟದಲ್ಲಿ 4000 ಮೀಟರ್ ಎತ್ತರ. 2020ರ ಅಕ್ಟೋಬರ್‌ನಲ್ಲಿ ಚುನಾವಣೆಯ ಗಲಾಟೆ ಆಗಿ, ಜೈಲಿನಲ್ಲಿದ್ದ ಜಪಾರೊವ್ ಎಂಬ ರಾಜಕಾರಣಿ ಹೊರಗೆ ಬಂದು ಅಧಿಕಾರ ಹಿಡಿದರು. 2021ರ ಮೇ ತಿಂಗಳಲ್ಲಿ ಗಣಿಯನ್ನು ಸರ್ಕಾರ ವಶಕ್ಕೆ ತಗೊಂಡಿತು. ಕಂಪನಿಯ ಬಂಗಾರದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದೇ ಗಣಿಯದ್ದು. ಆದರೂ ಕಂಪನಿ ಮುಳುಗಲಿಲ್ಲ. 2022ರಲ್ಲಿ ಒಪ್ಪಂದ ಆಯಿತು. ಕಿರ್ಗಿಸ್ತಾನಕ್ಕೆ ಗಣಿ, ಅವರ ಕೈಯಲ್ಲಿದ್ದ ಶೇ 26 ಶೇರು ಕಂಪನಿಗೆ ವಾಪಸ್.

ಬೀದರ್ ಲೆಕ್ಕ

ಅದೇ ಉದಾಹರಣೆ ನನ್ನ ಮಾತಿಗೂ ಆಗುತ್ತದೆ. ಸೆಂಟೆರಾಗೆ ಕೆನಡಾದಲ್ಲಿ ಮೌಂಟ್ ಮಿಲ್ಲಿಗನ್, ಟರ್ಕಿಯಲ್ಲಿ ಒಕ್ಸುತ್ ಗಣಿ ಇದ್ದವು. ಕಿರ್ಗಿಸ್ತಾನದ ಕೈಯಲ್ಲಿದ್ದ ಶೇರುಗಳು ಚೌಕಾಸಿಗೆ ಬಂದವು. ಒಂದೇ ಗಣಿಯವರ ಗತಿ ನೋಡಬೇಕಾದರೆ ಕ್ರಿಸ್ಟಲೆಕ್ಸ್ ಎಂಬ ಕಂಪನಿಯನ್ನು ನೋಡಿ. ವೆನೆಜುವೆಲಾದ ಲಾಸ್ ಕ್ರಿಸ್ಟಿನಾಸ್ ನಿಕ್ಷೇಪ ಅದರ ಆಸ್ತಿ. ಪರವಾನಗಿ ಬರುತ್ತದೆ ಎಂದು ಶೇರುದಾರರು ವರ್ಷಗಟ್ಟಲೆ ಕಾದರು. 2011ರ ಫೆಬ್ರವರಿಯಲ್ಲಿ ಸರ್ಕಾರ ಒಪ್ಪಂದವನ್ನೇ ರದ್ದು ಮಾಡಿತು. ಅದೇ ವರ್ಷದ ಕೊನೆಗೆ ಕಂಪನಿ ಸಾಲಗಾರರಿಂದ ರಕ್ಷಣೆ ಕೇಳಿ ಕೋರ್ಟಿಗೆ ಹೋಯಿತು. 2016ರಲ್ಲಿ ಅಂತಾರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ 120 ಕೋಟಿ ಡಾಲರ್ ಪರಿಹಾರ ಕೊಡಿ ಎಂದು ತೀರ್ಪು ಕೊಟ್ಟಿತು. ಗೆದ್ದರು. ಆದರೆ ದುಡ್ಡಿಗಾಗಿ ಅಮೆರಿಕದ ಡೆಲವೇರ್ ಕೋರ್ಟಿನಲ್ಲಿ ವರ್ಷಗಳ ಕಾಲ ವೆನೆಜುವೆಲಾದ ಸಿಟ್ಗೊ ತೈಲ ಕಂಪನಿಯ ಬೆನ್ನು ಹತ್ತಬೇಕಾಯಿತು. ಬರುವ ದುಡ್ಡಿನಲ್ಲೂ ಕೇಸು ನಡೆಸಲು ಸಾಲ ಕೊಟ್ಟವರದ್ದೇ ಮೊದಲ ಸರದಿ. ಸಾಮಾನ್ಯ ಶೇರುದಾರ ಸಾಲಿನ ಕೊನೆಯಲ್ಲಿ ನಿಂತಿರುತ್ತಾನೆ.

ಕೇಸು ಹಾಕಿದರೆ ಗೆದ್ದೇ ಗೆಲ್ಲುತ್ತಾರೆ ಅಂತಲೂ ಇಲ್ಲ. ರೊಮೇನಿಯಾದ ರೊಶಿಯಾ ಮೊಂಟಾನಾದಲ್ಲಿ ಗಣಿ ಮಾಡಲು ಹೊರಟ ಗೇಬ್ರಿಯಲ್ ರಿಸೋರ್ಸಸ್ ಕಂಪನಿ ಜನರ ಪ್ರತಿಭಟನೆಗೆ ಸಿಕ್ಕಿ ನಿಂತಿತು. ಕೋಟಿಗಟ್ಟಲೆ ಡಾಲರ್ ಪರಿಹಾರ ಕೇಳಿತ್ತು. 2024ರ ಮಾರ್ಚ್‌ನಲ್ಲಿ ಸೋತಿತು. ಅದರ ಶೇರಿಗೆ ಉಳಿದಿದ್ದ ಆಸೆಯೇ ಆ ಕೇಸು. ಶೇರು ನೆಲ ಕಚ್ಚಿತು.

ಟಾಂಜಾನಿಯಾದ್ದು ಇನ್ನೊಂದು ಬಗೆ. ಅಕೇಸಿಯಾ ಎಂಬ ಲಂಡನ್ ಕಂಪನಿ. 2017ರ ಮಾರ್ಚ್‌ನಲ್ಲಿ ಅದಿರು ಸಾಂದ್ರದ (ಬೇಡದ ಕಲ್ಲು ತೆಗೆದು ಲೋಹದ ಅಂಶ ಹೆಚ್ಚಿಸಿದ ಅದಿರಿನ ಪುಡಿ) ರಫ್ತು ನಿಷೇಧ. ಜುಲೈನಲ್ಲಿ ತೆರಿಗೆ, ದಂಡ, ಬಡ್ಡಿ ಸೇರಿ 19,000 ಕೋಟಿ ಡಾಲರ್ ಕಟ್ಟಿ ಎಂದು ನೋಟಿಸು. ಅದು ಆ ದೇಶದ ಒಂದು ವರ್ಷದ ಒಟ್ಟು ಉತ್ಪನ್ನಕ್ಕಿಂತಲೂ ಎಷ್ಟೋ ಜಾಸ್ತಿ. ಇದು ಚೌಕಾಸಿಗೆ ಹಾಕಿದ ಅಂಕಿ ಎಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ 2019ರಲ್ಲಿ 30 ಕೋಟಿ ಡಾಲರ್ ಮತ್ತು ಗಣಿಗಳಲ್ಲಿ ಶೇ 16 ಪಾಲಿಗೆ ರಾಜಿ ಆಯಿತು. ಆದರೆ ಸಣ್ಣ ಶೇರುದಾರರಿಗೆ ಅದರ ಫಲ ಸಿಕ್ಕಿತಾ? ರಾಜಿಗೆ ಸ್ವಲ್ಪ ಮೊದಲು ದೊಡ್ಡ ಮಾಲೀಕ ಬ್ಯಾರಿಕ್ ಉಳಿದವರ ಶೇರುಗಳನ್ನೆಲ್ಲ ತನ್ನದು ಮಾಡಿಕೊಂಡಿತ್ತು. ಬೆಲೆ ಬಿದ್ದಿರುವಾಗ ದೊಡ್ಡವರು ಬಂದು ಸಣ್ಣವರನ್ನು ಹೊರಗೆ ಕಳಿಸುವುದೂ ಒಂದು ಅಪಾಯ. ರಾಜಿ ಆಗುತ್ತದೆ ಎಂಬ ನಿಮ್ಮ ಊಹೆ ಸರಿ ಆಗಿಯೂ ದುಡ್ಡು ನಿಮಗೆ ಬಾರದೇ ಇರಬಹುದು.

ಹುಮನಾಬಾದ್ ಟ್ರೇಡರ್

ಅಕೇಸಿಯಾ ವಿಷಯ ಒಪ್ಪಿದೆ. ಒಂದೇ ಗಣಿಯ ಶೇರಿಗೆ ಪೂರ್ತಿ ದುಡ್ಡು ಹಾಕಿ ಎಂದು ನಾನೂ ಹೇಳುವುದಿಲ್ಲ. ನನ್ನ ಮಾತು ಇಷ್ಟೇ. ಈ ತರಹದ ಶೇರಿಗೆ ಹಾಕುವ ದುಡ್ಡು ಹೋದರೂ ಮನೆಯ ಸಂತೆಗೆ ತೊಂದರೆ ಆಗಬಾರದು. ಆ ಮಿತಿಯೊಳಗೆ ಆಡುವವರಿಗೆ ಇಲ್ಲಿ ದೊಡ್ಡ ಲಾಭದ ಅವಕಾಶ ಇದೆ. ರೆಸಲ್ಯೂಟ್ ಎಂಬ ಆಸ್ಟ್ರೇಲಿಯಾ ಕಂಪನಿಯ ಮುಖ್ಯಸ್ಥರನ್ನೇ 2024ರ ನವೆಂಬರ್‌ನಲ್ಲಿ ಬಮಾಕೊದಲ್ಲಿ ಹಿಡಿದಿಟ್ಟಿದ್ದರು. ಶೇರು ಒಂದೇ ದಿನ ಸುಮಾರು ಮೂರನೇ ಒಂದು ಪಾಲು ಬಿತ್ತು. ಕಂಪನಿ 16 ಕೋಟಿ ಡಾಲರ್ ಕೊಡಲು ಒಪ್ಪಿತು, ಅವರು ಬಿಡುಗಡೆ ಆದರು, ಗಣಿ ನಡೆಯಿತು. ಎಲ್ಲವೂ ಸೊನ್ನೆಗೆ ಹೋಗುವುದಿಲ್ಲ.

ಸೇಡಂ ಮೇಷ್ಟ್ರು

ಮಾತುಕತೆಗೆ ಹೋದ ಮುಖ್ಯಸ್ಥನನ್ನೇ ಹಿಡಿದಿಟ್ಟರು ಅಂದಮೇಲೆ ಅದು ಮಾತುಕತೆ ಹೇಗಾಯಿತು ತಮ್ಮಾ? ದೇಶಕ್ಕೆ ಪಾಲು ಕೇಳುವ ಹಕ್ಕಿದೆ ಎಂದು ನಾನೇ ಬರೆದೆ. ಆದರೆ ಜನರನ್ನು ಜೈಲಿಗೆ ಹಾಕಿ ಸಹಿ ಮಾಡಿಸುವುದು ಬೇರೆ. ಬ್ಯಾರಿಕ್‌ನ ಆ ನಾಲ್ವರು ವರ್ಷ ತುಂಬುವಷ್ಟು ಕಾಲ ಒಳಗಿದ್ದರು. ನಾವು ಶೇರು ಎಷ್ಟು ಎದ್ದಿತು, ಎಷ್ಟು ಬಿತ್ತು ಎಂದು ಮಾತಾಡುವಾಗ ಅವರ ಮನೆಯವರನ್ನೂ ನೆನೆಯಬೇಕು.

ಸುರಪುರದ ಮಗಳು

ಇದನ್ನು ಹೇಳಿದ್ದಕ್ಕೆ ಧನ್ಯವಾದ ಮೇಷ್ಟ್ರೆ.

ಲೆಕ್ಕದ ಅಕ್ಕನವರಿಗೆ ಒಂದು ಪ್ರಶ್ನೆ. ಇವರು ಎರಡು ಲಕ್ಷ ಕಳಿಸುವುದಾದರೆ ಇಲ್ಲಿನ ನಿಯಮ ಏನು? ತೆರಿಗೆ ಹೇಗೆ? ಮನೆಯಲ್ಲಿ ನನ್ನ ತಮ್ಮನೂ ಇದನ್ನೇ ಕೇಳುತ್ತಿದ್ದಾನೆ.

ಬೀದರ್ ಲೆಕ್ಕ

ಈಗಿನ ನಿಯಮ ಹೇಳುತ್ತೇನೆ. ದುಡ್ಡು ಹೋಗುವುದು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ. ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. ಹೂಡಿಕೆಗೆ ಕಳಿಸುವ ಹಣ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದರೆ ದಾಟಿದ ಭಾಗಕ್ಕೆ ಬ್ಯಾಂಕು ಶೇ 20 ತೆರಿಗೆ ಮೊದಲೇ ಹಿಡಿಯುತ್ತದೆ. ಅದು ಆಮೇಲೆ ರಿಟರ್ನ್ಸಿನಲ್ಲಿ ಹೊಂದಾಣಿಕೆ ಆಗುತ್ತದೆ. ಎರಡು ಲಕ್ಷಕ್ಕೆ ಅದು ಬರುವುದಿಲ್ಲ. ಆದರೆ ಬ್ಯಾಂಕಿನ ಶುಲ್ಕ ಮತ್ತು ಡಾಲರ್ ಕೊಳ್ಳುವ, ಮಾರುವ ದರದ ಅಂತರ ಎರಡೂ ಕಡೆ ಕಡಿಯುತ್ತವೆ. ಸಣ್ಣ ಮೊತ್ತಕ್ಕೆ ಅದೇ ಭಾರ. ಕಳಿಸುವ ಮೊದಲು ಬ್ಯಾಂಕಿನಲ್ಲಿ ಪೂರ್ತಿ ಲೆಕ್ಕ ಕೇಳಿ.

ಈ ಯೋಜನೆಯಲ್ಲಿ ಮಾರ್ಜಿನ್ ಹಾಕಿ, ಅಂದರೆ ಸಾಲದ ಬಲದಲ್ಲಿ ವಿದೇಶಿ ಶೇರು ಆಡುವಂತಿಲ್ಲ. ಯಾರಾದರೂ "ಹತ್ತು ಪಟ್ಟು ಆಡಿ" ಎಂದು ಲಿಂಕು ಕಳಿಸಿದರೆ ಮುಟ್ಟಬೇಡಿ. ನಮ್ಮಲ್ಲಿ ಸಿಗುವ ಸಾಮಾನ್ಯ ಆ್ಯಪ್‌ಗಳಲ್ಲಿ ಅಮೆರಿಕದ ಪೇಟೆಯ ಶೇರುಗಳು ಮಾತ್ರ ಇರುತ್ತವೆ. ಸಣ್ಣ ಗಣಿ ಕಂಪನಿಗಳು ಬಹುಪಾಲು ಟೊರಾಂಟೊ, ಆಸ್ಟ್ರೇಲಿಯಾ, ಲಂಡನ್ ಪೇಟೆಯಲ್ಲಿ ಇರುತ್ತವೆ. ಗಂಜ್ ರಸ್ತೆಯವರು ತಮ್ಮ ಆ್ಯಪ್‌ನಲ್ಲಿ ಅದು ಸಿಗುತ್ತದೆಯೇ ಎಂದು ಮೊದಲು ನೋಡಲಿ.

24 ತಿಂಗಳಿಗಿಂತ ಹೆಚ್ಚು ಇಟ್ಟು ಮಾರಿದರೆ ಲಾಭಕ್ಕೆ ಶೇ 12.5 ತೆರಿಗೆ, ಅದಕ್ಕೂ ಮೊದಲು ಮಾರಿದರೆ ನಿಮ್ಮ ಸ್ಲ್ಯಾಬಿನ ದರ. ಕೆನಡಾ ಕಂಪನಿ ಡಿವಿಡೆಂಡ್ ಕೊಟ್ಟರೆ ಅಲ್ಲೇ ಶೇ 25 ಕಡಿತ ಆಗುತ್ತದೆ. ಅದಕ್ಕೆಂದೇ ಇರುವ ಫಾರ್ಮ್ ತುಂಬಿ ಇಲ್ಲಿ ಅದರ ಲಾಭ ಪಡೆಯಬಹುದು. ಎಲ್ಲಕ್ಕಿಂತ ಮುಖ್ಯ, ಒಂದೇ ಒಂದು ವಿದೇಶಿ ಶೇರು ಇದ್ದರೂ ರಿಟರ್ನ್ಸಿನ ಶೆಡ್ಯೂಲ್ ಎಫ್‌ಎ (ವಿದೇಶಿ ಆಸ್ತಿ) ಭಾಗದಲ್ಲಿ ತೋರಿಸಲೇಬೇಕು. ಐಟಿಆರ್-1ರಲ್ಲಿ ಆ ಭಾಗ ಇರುವುದಿಲ್ಲ, ಸಂಬಳದವರು ಐಟಿಆರ್-2 ತುಂಬಬೇಕು. ಶೇರು ಸೊನ್ನೆ ಆಗಿ ಬಿದ್ದಿದ್ದರೂ ತೋರಿಸಬೇಕು.

ಗಂಜ್ ರಸ್ತೆ, ಕಲಬುರಗಿ

ಎಲ್ಲರಿಗೂ ಮನಸಾರೆ ಧನ್ಯವಾದ. ಕಾಕಾ ಹೇಳಿದಂತೆ ತಾಂತ್ರಿಕ ವರದಿ ಪೂರ್ತಿ ಓದಿದೆ. ಔನ್ಸಿನ ಒಟ್ಟು ಖರ್ಚು ಪ್ರತಿ ವರ್ಷ ಏರುತ್ತಾ ಬಂದಿದೆ. ಕಂಪನಿಯ ತ್ರೈಮಾಸಿಕ ಲೆಕ್ಕದಲ್ಲಿ ಸಾಲ ಕೊಟ್ಟ ಬ್ಯಾಂಕಿನ ಷರತ್ತು ಒಂದು ಸಿಕ್ಕಿತು. ಗಣಿ ಇಷ್ಟು ತಿಂಗಳು ನಿಂತರೆ ಪೂರ್ತಿ ಸಾಲ ಒಮ್ಮೆಲೆ ಕಟ್ಟಬೇಕು ಎಂದಿದೆ. ಲೆಕ್ಕದ ಮೇಡಂ ಹೇಳಿದ ಹೊಸ ಶೇರಿನ ಮಾತು ಇಲ್ಲಿ ಕಣ್ಣಿಗೆ ಕಂಡಿತು.

ಎರಡು ಲಕ್ಷ ಹಾಕುವುದಿಲ್ಲ. ಈ ಕಂಪನಿಗೆ ಒಂದು ರೂಪಾಯಿಯನ್ನೂ ಹಾಕುವುದಿಲ್ಲ. ಗಣಿ ಶೇರಿನ ಆಸೆ ಬಿಟ್ಟಿಲ್ಲ. ನಾಲ್ಕಾರು ದೇಶಗಳಲ್ಲಿ ಗಣಿ ಇರುವ ದೊಡ್ಡ ಕಂಪನಿಗಳ ವಾರ್ಷಿಕ ವರದಿ ಓದಲು ಶುರು ಮಾಡಿದ್ದೇನೆ. ಹಾಕಿದರೂ ಮೂವತ್ತು ಸಾವಿರದ ಮೇಲೆ ಇಲ್ಲ.

ಕಾಕಾ, ಒಂದು ಕೇಳಬೇಕಿತ್ತು. ವರದಿಯಲ್ಲಿ ನಿಕ್ಷೇಪ ಮತ್ತು ಸಂಪನ್ಮೂಲ ಎಂದು ಎರಡು ಬೇರೆ ಬೇರೆ ಅಂಕಿ ಇವೆ. ಯಾವುದನ್ನು ನಂಬಬೇಕು?

ಹಳೇ ಗಣಿ, ಶಹಾಪುರ

ಸಂಪನ್ಮೂಲ ಅಂದರೆ ಕಲ್ಲಿನಲ್ಲಿ ಬಂಗಾರ ಇದೆ ಎಂಬ ಅಂದಾಜು. ನಿಕ್ಷೇಪ ಅಂದರೆ ಅದರಲ್ಲಿ ಖರ್ಚು ಕಳೆದು ಲಾಭಕ್ಕೆ ತೆಗೆಯಬಹುದಾದ ಭಾಗ. ನಿಕ್ಷೇಪದ ಅಂಕಿ ನೋಡು. ಅದನ್ನು ಯಾವ ಬಂಗಾರದ ಬೆಲೆ ಹಿಡಿದು ಲೆಕ್ಕ ಮಾಡಿದ್ದಾರೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇವತ್ತಿನ ಬೆಲೆಗಿಂತ ಬಹಳ ಕಡಿಮೆ ಬೆಲೆ ಹಿಡಿದಿದ್ದರೆ ಒಳ್ಳೆಯದು, ಬೆಲೆ ಬಿದ್ದರೂ ಆ ಗಣಿ ನಡೆಯುತ್ತದೆ. ವರದಿಯ ಆ ಪುಟ ಇಲ್ಲಿ ಹಾಕು, ಒಟ್ಟಿಗೆ ನೋಡೋಣ.